ಚಿತ್ರದೊಳಗಿನ ಗೂಢಾರ್ಥ: ಕಲಾವಿದ ಇಟ್ಟದ್ದೆಷ್ಟು, ನಾವು ಹೊರಿಸಿದ್ದೆಷ್ಟು?

ಕುಂಚಪ್ರಿಯ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ.

ಇವತ್ತಿನ ಚಿತ್ರಪ್ರದರ್ಶನಗಳ ಕ್ಯಾಟಲಾಗ್ ತೆರೆದರೆ ಸಾಮಾನ್ಯವಾಗಿ ಒಂದೇ ಧಾಟಿಯ ಮಾತು. ವೃತ್ತ ಅಂದರೆ ವಿಶ್ವಚೈತನ್ಯ, ತ್ರಿಕೋನ ಅಂದರೆ ಶಿವ-ಶಕ್ತಿ, ಹಾವು ಅಂದರೆ ಕುಂಡಲಿನಿ, ಹಕ್ಕಿ ಅಂದರೆ ಆತ್ಮ, ಏಣಿ ಅಂದರೆ ಮುಕ್ತಿ. ಒಬ್ಬ ಕಲಾವಿದರ ಟಿಪ್ಪಣಿಯನ್ನು ಇನ್ನೊಬ್ಬರ ಚಿತ್ರದ ಪಕ್ಕ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಿದ್ದರೂ ಕೆಲವು ಚಿತ್ರಗಳ ಮುಂದೆ ನಿಂತಾಗ ಏನೋ ಇದೆ, ನನಗೆ ಸಿಗುತ್ತಿಲ್ಲ ಎಂಬ ಒದ್ದಾಟ ನಿಜವಾಗಿಯೂ ಆಗುತ್ತದೆ. ಅದು ಬರೀ ಭ್ರಮೆ ಅಂತ ತಳ್ಳಿಹಾಕಲು ಮನಸ್ಸು ಒಪ್ಪುತ್ತಿಲ್ಲ.

ನನ್ನ ಪ್ರಶ್ನೆ ಎರಡು. ಆಧುನಿಕ, ಸಮಕಾಲೀನ ಚಿತ್ರಗಳಲ್ಲಿ ಕಲಿತು ಓದಬಹುದಾದ ಅನುಭಾವದ ಭಾಷೆ ಒಂದು ಇದೆಯೇ? ಇದ್ದರೆ, ಒಳಗಿನಿಂದ ಬಂದ ಸಂಕೇತ ಯಾವುದು, ಮೇಲೆ ಅಂಟಿಸಿದ ಚೀಟಿ ಯಾವುದು ಅಂತ ತಿಳಿಯುವುದು ಹೇಗೆ? ಅನುಭವಿಗಳು ದಯವಿಟ್ಟು ವಿವರವಾಗಿ ಬರೆಯಿರಿ.

ಇದ್ದಿಲುಗೆರೆ

ಒಳ್ಳೆಯ ಪ್ರಶ್ನೆ ಮೇಡಂ. ಎಲ್ಲ ಚಿತ್ರಗಳಿಗೂ ಸೇರಿಸಿ ಉತ್ತರ ಹೇಳಲು ಹೊರಟರೆ ದಾರಿ ತಪ್ಪುತ್ತೇವೆ. ಒಬ್ಬರನ್ನೇ ಹಿಡಿದುಕೊಂಡು ನೋಡೋಣ.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ (1862–1944). ಕ್ಯಾಂಡಿನ್‌ಸ್ಕಿ, ಮಾಂಡ್ರಿಯಾನ್‌ರಂಥ ಹೆಸರಾಂತ ಚಿತ್ರಕಾರರು ಅಮೂರ್ತಕ್ಕೆ ಕೈಹಾಕುವ ಮೊದಲೇ, 1906ರಲ್ಲಿ, ಈಕೆ ಅಮೂರ್ತ ಚಿತ್ರ ಬರೆಯತೊಡಗಿದ್ದರು. ನಾಲ್ವರು ಗೆಳತಿಯರ ಜತೆ ಸೇರಿ ಪ್ರೇತಾತ್ಮಗಳನ್ನು ಕರೆಯುವ ಕೂಟ ನಡೆಸುತ್ತಿದ್ದರು. ಆ ಕೂಟದಲ್ಲಿ ಬಂದ ಆದೇಶದ ಮೇರೆಗೆ 'ದೇವಾಲಯಕ್ಕಾಗಿ ಚಿತ್ರಗಳು' ಎಂಬ ಮಾಲಿಕೆಯನ್ನು 1906ರಿಂದ 1915ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಬರೆದರು. ಒಟ್ಟು 193 ಚಿತ್ರಗಳು. ಅದರಲ್ಲಿ 1907ರ 'ಹತ್ತು ಅತಿದೊಡ್ಡವು' ಅಂತ ಒಂದು ಗುಂಪಿದೆ. ಒಂದೊಂದೂ ಮೂರು ಮೀಟರಿಗಿಂತ ಎತ್ತರ. ಕಾಗದದ ಮೇಲೆ ಟೆಂಪೆರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ), ಆಮೇಲೆ ಕ್ಯಾನ್ವಾಸಿಗೆ ಅಂಟಿಸಿದ್ದು. ಬಾಲ್ಯ, ಯೌವನ, ಪ್ರೌಢಾವಸ್ಥೆ, ಮುಪ್ಪು ಇವೇ ವಸ್ತು. ಬಾಲ್ಯಕ್ಕೆ ನೀಲಿ ಹಿನ್ನೆಲೆ, ಯೌವನಕ್ಕೆ ಕಿತ್ತಳೆ.

ನಿಮ್ಮ ಪ್ರಶ್ನೆಗೆ ಇದು ಹೇಗೆ ಸಂಬಂಧ ಅಂದರೆ, ಈಕೆ ತನ್ನ ಸಂಕೇತಗಳಿಗೆ ತಾನೇ ನಿಘಂಟು ಬರೆದಿಟ್ಟಿದ್ದಾರೆ. ನೀಲಿ ಹೆಣ್ಣು, ಹಳದಿ ಗಂಡು, ಎರಡೂ ಬೆರೆತ ಹಸಿರು ಅವುಗಳ ಐಕ್ಯ. 'ಯು' ಅಕ್ಷರ ಚೇತನ, 'ಡಬ್ಲ್ಯೂ' ಜಡವಸ್ತು. ಬಸವನಹುಳುವಿನ ಚಿಪ್ಪಿನ ಸುರುಳಿ ಅಂದರೆ ವಿಕಾಸ. ಅಂದರೆ ಓದಲು ಕಲಿಯಬಹುದಾದ ಭಾಷೆ ಇಲ್ಲಿ ನಿಜವಾಗಿಯೂ ಇದೆ, ಬರೆದವರ ಕೈಯಲ್ಲೇ ದಾಖಲಾಗಿದೆ.

ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಆಕೆಯ ಟಿಪ್ಪಣಿ ಪುಸ್ತಕಗಳು 26,000 ಪುಟಗಳನ್ನು ಮೀರುತ್ತವೆ. ಅಷ್ಟು ಯಾಕೆ ಬರೆಯಬೇಕಾಯಿತು? ತಾನು ಬರೆದ ಚಿತ್ರ ಏನು ಹೇಳುತ್ತಿದೆ ಎಂದು ಆಕೆಗೇ ಪೂರ್ತಿ ತಿಳಿದಿರಲಿಲ್ಲ. ಚಿತ್ರ ಮೊದಲು ಬಂತು, ಅರ್ಥವನ್ನು ಉಳಿದ ಆಯುಷ್ಯವೆಲ್ಲ ಹುಡುಕಿದರು. ತಾನು ಸತ್ತು 20 ವರ್ಷ ಆಗುವವರೆಗೆ ಈ ಕೆಲಸ ಯಾರಿಗೂ ತೋರಿಸಬೇಡಿ ಎಂದು ಬರೆದಿಟ್ಟರು. ದೊಡ್ಡ ಪ್ರದರ್ಶನವೊಂದರಲ್ಲಿ ಇವು ಜನರ ಕಣ್ಣಿಗೆ ಬಿದ್ದಿದ್ದು 1986ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. 2018–19ರಲ್ಲಿ ನ್ಯೂಯಾರ್ಕಿನ ಕಲಾಸಂಗ್ರಹಾಲಯ ಗುಗೆನ್‌ಹೈಮ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅವರಲ್ಲಿ ಎಷ್ಟು ಮಂದಿ ನಿಘಂಟು ಓದಿ ಹೋಗಿರುತ್ತಾರೆ ಹೇಳಿ? ಆದರೂ ಜನ ಅಲ್ಲಿ ನಿಂತರು. ನಿಘಂಟು ಇಲ್ಲದೆಯೂ ಚಿತ್ರ ಏನನ್ನೋ ದಾಟಿಸುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಸಂದೇಹಿ

ಇದ್ದಿಲುಗೆರೆಯವರ ಮಾಹಿತಿ ಸರಿಯಾಗಿದೆ, ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಆರು ಲಕ್ಷ ಜನ ನಿಂತರು ಎಂಬುದು ಬಣ್ಣ, ಗಾತ್ರ, ಸಂಯೋಜನೆಯ ಶಕ್ತಿಗೆ ಸಾಕ್ಷಿ. ಅನುಭಾವಕ್ಕೆ ಹೇಗೆ ಸಾಕ್ಷಿಯಾಗುತ್ತದೆ?

ಆ ಕಾಲದಲ್ಲಿ ಥಿಯಾಸಫಿ (ಎಲ್ಲ ಧರ್ಮಗಳ ಹಿಂದೆ ಒಂದೇ ಗುಪ್ತಜ್ಞಾನ ಇದೆ ಎನ್ನುವ ಪಂಥ) ಯುರೋಪಿನ ಕಲಾವಿದರ ನಡುವೆ ಗಾಳಿಯಂತೆ ಹರಡಿತ್ತು. ಮಾಂಡ್ರಿಯಾನ್ 1909ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಸದಸ್ಯರಾದರು. ಕ್ಯಾಂಡಿನ್‌ಸ್ಕಿ 1911ರ ಕೊನೆಯಲ್ಲಿ ಕಲೆಯಲ್ಲಿನ ಆಧ್ಯಾತ್ಮಿಕತೆಯ ಬಗ್ಗೆ ಪುಸ್ತಕವನ್ನೇ ತಂದರು. ಅದೇ ನಂಬಿಕೆ ಇದ್ದ ನೂರಾರು ಸಾಧಾರಣ ಚಿತ್ರಕಾರರೂ ಆಗ ಇದ್ದರು, ಅವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ನಂಬಿಕೆ ಒಂದೇ ಆಗಿದ್ದರೂ ಚಿತ್ರಗಳು ಬೇರೆಬೇರೆ ಆದವು ಅಂದಮೇಲೆ ಚಿತ್ರವನ್ನು ದೊಡ್ಡದು ಮಾಡಿದ್ದು ನಂಬಿಕೆಯಲ್ಲ, ಕೈ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಕೆ.ಸಿ.ಎಸ್. ಪಣಿಕ್ಕರ್ (1911–1977). ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮವನ್ನು 1966ರಲ್ಲಿ ಕಟ್ಟಿದವರು. 1963ರಿಂದ ಅವರು ಬರೆದ 'ಪದಗಳು ಮತ್ತು ಸಂಕೇತಗಳು' ಮಾಲಿಕೆ ನೋಡಿ. ಜಾತಕದ ಕುಂಡಲಿಯಂಥ ಚೌಕಗಳು, ಬೀಜಗಣಿತದ ಚಿಹ್ನೆಗಳು, ಸಾಲುಸಾಲಾಗಿ ಮಲಯಾಳಂ ಲಿಪಿಯ ಹಾಗೆ ಕಾಣುವ ಬರವಣಿಗೆ. ತಾಳೆಗರಿಯನ್ನೋ ಮಂತ್ರದ ಪಟವನ್ನೋ ಕಂಡಹಾಗೆ ಅನಿಸುತ್ತದೆ, ಯಾವುದೋ ರಹಸ್ಯ ಇದರಲ್ಲಿ ಅಡಗಿದೆ ಅಂತ ಹತ್ತಿರ ಹೋಗುತ್ತೀರಿ. ಓದಲು ಕೂತರೆ ಅರ್ಥವಾಗುವ ವಾಕ್ಯ ಸಿಗುವುದಿಲ್ಲ, ಓದಲಿ ಎಂದು ಅವರು ಬರೆದದ್ದೂ ಅಲ್ಲ. ಬರವಣಿಗೆಯ ಲಯ ಬೇಕಿತ್ತು, ಬರವಣಿಗೆಯ ಅರ್ಥ ಬೇಕಿರಲಿಲ್ಲ. ಇಲ್ಲಿ 'ಗೂಢಾರ್ಥ' ಹುಡುಕುವವರಿಗೆ ಏನು ಹೇಳೋಣ?

ಬೆಡಗು

ಸಂದೇಹಿಯವರೇ, ಪಣಿಕ್ಕರ್ ಉದಾಹರಣೆ ನಿಮ್ಮ ವಾದಕ್ಕಿಂತ ಕುಂಚಪ್ರಿಯ ಅವರ ಅನುಭವಕ್ಕೇ ಹೆಚ್ಚು ಒದಗುತ್ತದೆ. ಪೂಜೆಯ ಪಟವೊಂದರ ಮುಂದೆ ಅಕ್ಷರ ಬಾರದವನು ನಿಂತಿದ್ದಾನೆ ಅಂದುಕೊಳ್ಳಿ. ಅಲ್ಲಿ ಬರೆದದ್ದು ಅವನಿಗೆ ಓದಲು ಬರುವುದಿಲ್ಲ, ಆದರೆ ಅದು ಸುಮ್ಮನೆ ಗೀಚಿದ್ದಲ್ಲ ಎಂಬುದು ಗೊತ್ತಾಗುತ್ತದೆ. ಪಣಿಕ್ಕರ್ ಓದು ಬಂದ ನಮ್ಮೆಲ್ಲರನ್ನೂ ಆ ಸ್ಥಿತಿಗೆ ತಂದು ನಿಲ್ಲಿಸುತ್ತಾರೆ. ಅದು ಸಣ್ಣ ಸಾಧನೆಯೇನಲ್ಲ.

ನಾನು ಚಿತ್ರಕಾರನಲ್ಲ, ವಚನ ಓದುವವನು. ನಮ್ಮಲ್ಲಿ ಬೆಡಗಿನ ವಚನಗಳು ಅಂತ ಒಂದು ಬಗೆ ಇದೆಯಲ್ಲ, ಅಲ್ಲಮನಲ್ಲಿ ಧಾರಾಳವಾಗಿ ಸಿಗುತ್ತವೆ. ಮೇಲ್ನೋಟಕ್ಕೆ ತಾಳಮೇಳವಿಲ್ಲದ, ಲೋಕದಲ್ಲಿ ನಡೆಯಲಾರದ ಸಂಗತಿಗಳ ಸರಣಿ. ಆಮೇಲೆ ಬಂದ ಟೀಕಾಕಾರರು ಒಂದೊಂದು ಪದಕ್ಕೂ ಸಮೀಕರಣ ಬರೆದರು: ಈ ಪ್ರಾಣಿ ಅಂದರೆ ಮನಸ್ಸು, ಆ ಊರು ಅಂದರೆ ದೇಹ, ಈ ಬೆಂಕಿ ಅಂದರೆ ಅರಿವು ಎಂಬ ರೀತಿಯಲ್ಲಿ. ಆ ಟೀಕೆಗಳು ಬಹಳ ಉಪಯುಕ್ತ, ಅವಿಲ್ಲದಿದ್ದರೆ ಆ ಪರಂಪರೆಯ ಪರಿಭಾಷೆಯೇ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಟೀಕೆ ಪೂರ್ತಿ ಓದಿದ ಮೇಲೆ ವಚನಕ್ಕೆ ಮರಳಿದರೆ ಅದು ಮತ್ತೆ ಬೆಚ್ಚಿಬೀಳಿಸುತ್ತದೆ. ಸಮೀಕರಣಕ್ಕೆ ಸಿಗದೆ ಉಳಿದದ್ದೇ ಅದರ ಜೀವ. ಬುದ್ಧಿ ತನ್ನ ದಾರಿಯಲ್ಲಿ ಮುಂದೆ ಹೋಗಲಾರದ ಜಾಗದಲ್ಲಿ ಕೇಳುಗನನ್ನು ನಿಲ್ಲಿಸಬೇಕೆಂದೇ ಅದನ್ನು ಹಾಗೆ ಕಟ್ಟಿದ್ದು.

ಹಿಲ್ಮಾ ಅವರ ನಿಘಂಟೂ ಇಂಥ ಟೀಕೆಯೇ. ವ್ಯತ್ಯಾಸ ಇಷ್ಟೆ, ಇಲ್ಲಿ ಚಿತ್ರಕಾರರೇ ಟೀಕಾಕಾರರೂ ಆಗಿದ್ದಾರೆ. ಬೇಕಾದಷ್ಟು ಬಳಸಿಕೊಳ್ಳಿ, ಅಲ್ಲೇ ನಿಲ್ಲಬೇಡಿ.

ಕುಂಚಪ್ರಿಯ

ಬೆಡಗಿನ ವಚನದ ಹೋಲಿಕೆ ಕೇಳಿ ತುಂಬಾ ಖುಷಿಯಾಯಿತು ಸರ್. ಹಾಗಾದರೆ ಎರಡನೇ ಪ್ರಶ್ನೆ ಇನ್ನೂ ತೀಕ್ಷ್ಣ ಆಗುತ್ತದೆ. ಯಾರು ಬೇಕಾದರೂ ನಾಲ್ಕು ಒಗಟು ಚಿಹ್ನೆ ಬರೆದು 'ಬುದ್ಧಿಗೆ ನಿಲುಕದ್ದು' ಅನ್ನಬಹುದಲ್ಲ? ಜಾಲತಾಣಗಳಲ್ಲಿ ಮೂರನೇ ಕಣ್ಣು, ಕಮಲ, ನಕ್ಷತ್ರಮಂಡಲ ಸೇರಿಸಿದ ಚಿತ್ರಗಳಿಗೆ ಲೆಕ್ಕವೇ ಇಲ್ಲ.

ಮಣ್ಣುಬಣ್ಣ

ಮೇಡಂ, ನಾನು ಬಳಸುವ ಒಂದು ಪರೀಕ್ಷೆ ಇದೆ. ಆ ಸಂಕೇತವನ್ನು ಮನಸ್ಸಿನಲ್ಲೇ ಚಿತ್ರದಿಂದ ತೆಗೆದುಹಾಕಿ ನೋಡಿ. ವೃತ್ತದ ಜಾಗಕ್ಕೆ ಚೌಕ ಇಡಿ. ಕಪ್ಪಿನ ಜಾಗಕ್ಕೆ ಕಂದು ಬಳಿಯಿರಿ. ಚಿತ್ರ ಕುಸಿದರೆ ಆ ಸಂಕೇತ ಅಲ್ಲಿ ದುಡಿಯುತ್ತಿತ್ತು. ಏನೂ ಆಗದಿದ್ದರೆ ಅದು ಚೀಟಿ. ಮೂರನೇ ಕಣ್ಣಿನ ಚಿತ್ರಗಳಲ್ಲಿ ಕಣ್ಣು ತೆಗೆದು ಹೂವಿಟ್ಟರೂ ಚಿತ್ರ ಹಾಗೇ ಇರುತ್ತದೆ, ಆದ್ದರಿಂದಲೇ ಅವು ಬೇಗ ಮರೆತುಹೋಗುತ್ತವೆ.

ಇನ್ನೊಂದು ದಾರಿ ಸಾಮಗ್ರಿಯದ್ದು. ಜನ ಆಕಾರದಲ್ಲಿ ಮಾತ್ರ ಸಂಕೇತ ಹುಡುಕುತ್ತಾರೆ, ಯಾವ ವಸ್ತುವಿನಿಂದ ಮಾಡಿದ್ದಾರೆ ಅಂತ ಕೇಳುವುದೇ ಇಲ್ಲ. ಜರ್ಮನಿಯ ಆನ್ಸೆಲ್ಮ್ ಕೀಫರ್ (ಜನನ 1945) ಅವರ ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಹುಲ್ಲು, ಬೂದಿ, ಮಣ್ಣು, ಸೀಸದ ಹಾಳೆ ಇರುತ್ತವೆ. ಕಲೋನ್ ಕೆಥೆಡ್ರಲ್‌ನ ಚಾವಣಿ ದುರಸ್ತಿಯಾದಾಗ ತೆಗೆದ ಹಳೆಯ ಸೀಸವನ್ನು 1980ರ ದಶಕದಲ್ಲಿ ಅವರು ಕೊಂಡುಕೊಂಡರು. ರಸವಿದ್ಯೆಯಲ್ಲಿ (ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ಹಳೆಯ ವಿದ್ಯೆ) ಸೀಸ ಅಂದರೆ ಶನಿಗ್ರಹದ ಲೋಹ, ಚಿನ್ನವಾಗುವ ಪಯಣದಲ್ಲಿ ಮೊದಲ ಮೆಟ್ಟಿಲು. ಈ ವಿಷಯ ಗೊತ್ತಿಲ್ಲದವರೂ ಅವರ ಚಿತ್ರದ ಎದುರು ನಿಂತರೆ ಭಾರ ಅನುಭವಿಸುತ್ತಾರೆ, ಯಾಕೆಂದರೆ ಅಲ್ಲಿ ನಿಜವಾಗಿಯೂ ಭಾರ ಇದೆ. ಲೋಹ ಸುಕ್ಕುಗಟ್ಟಿದೆ, ಬಾಗಿದೆ, ಅದರ ಮೇಲೆ ಬೂದುಬಣ್ಣದ ಪೊರೆ ಬೆಳೆದಿದೆ. ಅವರ 1990ರ ಒಂದು ಕೃತಿಯ ಹೆಸರು 'ಜಿಮ್ ಜುಮ್'. ಯಹೂದಿ ಅನುಭಾವಿ ಐಸಾಕ್ ಲೂರಿಯಾ ಅವರ ಕಲ್ಪನೆ ಅದು: ಸೃಷ್ಟಿಗೆ ಜಾಗ ಬೇಕೆಂದು ದೇವರು ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡ. ಕಲ್ಪನೆ ಎಷ್ಟು ಸೂಕ್ಷ್ಮ, ಸಾಮಗ್ರಿ ಎಷ್ಟು ಒರಟು! ಆ ಎರಡರ ನಡುವಿನ ಜಗ್ಗಾಟವೇ ಚಿತ್ರ. ಅದನ್ನೇ ಹೊಳಪಿನ ಅಕ್ರಿಲಿಕ್‌ನಲ್ಲಿ ಬಳಿದಿದ್ದರೆ ಹೆಸರು ಮಾತ್ರ ಉಳಿಯುತ್ತಿತ್ತು.

ರೇಖಾಗಣಿತ

ಈ ಪರೀಕ್ಷೆ ಚೆನ್ನಾಗಿದೆ. ತಾಂತ್ರಿಕ ಸಂಕೇತಗಳ ವಿಷಯದಲ್ಲಿ ಅದಕ್ಕೊಂದು ತಿದ್ದುಪಡಿ ಬೇಕು ಅನಿಸುತ್ತದೆ. ನನಗೆ ಯಂತ್ರ ಬರೆಯುವುದರ ಪರಿಚಯ ಇದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಶ್ರೀಯಂತ್ರ ತೆಗೆದುಕೊಳ್ಳಿ. ಮೇಲ್ಮುಖವಾದ ನಾಲ್ಕು ತ್ರಿಕೋನ, ಕೆಳಮುಖವಾದ ಐದು, ಅವು ಒಂದರೊಳಗೊಂದು ಹೆಣೆದು ಆಗುವ 43 ಸಣ್ಣ ತ್ರಿಕೋನಗಳು, ನಡುವೆ ಬಿಂದು, ಸುತ್ತ ಎಂಟು ದಳ, ಹದಿನಾರು ದಳ, ಹೊರಗೆ ಭೂಪುರ ಎಂಬ ಚೌಕದ ಆವರಣ. ಇದನ್ನು ಬರೆಯುವಾಗ ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಬೇಕಾದ ಮರ್ಮಸ್ಥಾನಗಳು ಇರುತ್ತವೆ. ಮೊನಚು ಪೆನ್ಸಿಲ್ ಹಿಡಿದು ಕೂತವರಿಗೆ ಗೊತ್ತು, ಒಂದು ಗೆರೆ ಕೂದಲೆಳೆಯಷ್ಟು ಜರುಗಿದರೆ ಎದುರಿನ ಮೂಲೆಯಲ್ಲಿ ಬೇಡದ ಇನ್ನೊಂದು ಪುಟ್ಟ ತ್ರಿಕೋನ ಹುಟ್ಟಿಕೊಳ್ಳುತ್ತದೆ. ಆಗ ಅಳಿಸಿ ಮತ್ತೆ ಬರೆಯಬೇಕು. ಯಂತ್ರದಲ್ಲಿ ಸರಿ-ತಪ್ಪು ಇದೆ, ಯಾಕೆಂದರೆ ಅದು ಉಪಾಸನೆಯ ಸಾಧನ. ಹೊರಗಿನಿಂದ ಒಳಕ್ಕೆ ಆವರಣ ದಾಟಿಕೊಂಡು ಹೋಗುವ ಕ್ರಮ ಇದೆ, ಗುರುಮುಖ ಇದೆ.

1960ರ ದಶಕದಿಂದ ನವತಾಂತ್ರಿಕ ಎಂದು ಕರೆಸಿಕೊಂಡ ಚಿತ್ರಕಾರರು ಈ ಆಕಾರಗಳನ್ನು ತೆಗೆದುಕೊಂಡಾಗ ಆ ಕ್ರಮ ಕಳಚಿತು. ಕೆಲವರ ಕೈಯಲ್ಲಿ ಅದು ಬರೀ ಅಲಂಕಾರವಾಯಿತು. ಜಿ.ಆರ್. ಸಂತೋಷ್ (1929–1997) ಅವರಲ್ಲಿ ಹಾಗಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಶ್ಮೀರದ ಮುಸ್ಲಿಂ ಮನೆತನದಲ್ಲಿ ಗುಲಾಮ್ ರಸೂಲ್ ಆಗಿ ಹುಟ್ಟಿ, ಹೆಂಡತಿಯ ಹೆಸರು ಸಂತೋಷ್ ಅನ್ನು ತನ್ನ ಹೆಸರಿಗೆ ಸೇರಿಸಿಕೊಂಡವರು. 1964ರಲ್ಲಿ ಅಮರನಾಥ ಗುಹೆಗೆ ಹೋಗಿಬಂದ ಮೇಲೆ ಅವರ ದಾರಿ ಬದಲಾಯಿತು, ಕಾಶ್ಮೀರ ಶೈವವನ್ನು ಆಳವಾಗಿ ಓದಿದರು. ಅವರ ಚಿತ್ರದಲ್ಲಿ ಪದ್ಮಾಸನದಲ್ಲಿ ಕೂತ ದೇಹದ ಹೊರಗೆರೆ ಕಂಡೂ ಕಾಣದ ಹಾಗಿರುತ್ತದೆ. ಭುಜ ಎಲ್ಲಿ ಮುಗಿಯಿತು, ತ್ರಿಕೋನ ಎಲ್ಲಿ ಶುರುವಾಯಿತು ಎಂದು ಹುಡುಕಿದರೆ ಗೆರೆ ಸಿಗುವುದಿಲ್ಲ, ಬಣ್ಣ ಒಂದರೊಳಗೆ ಒಂದು ಇಳಿದುಹೋಗಿರುತ್ತದೆ. ದೇಹವೇ ಯಂತ್ರ ಎಂಬ ಮಾತನ್ನು ಅವರು ಟಿಪ್ಪಣಿಯಲ್ಲಿ ಬರೆದು ಕೈತೊಳೆದುಕೊಳ್ಳಲಿಲ್ಲ, ಬಣ್ಣದ ಅಂಚಿನಲ್ಲಿ ಮಾಡಿ ತೋರಿಸಿದರು.

ತಿದ್ದುಪಡಿ ಏನೆಂದರೆ: ಯಂತ್ರದಿಂದ ಬಂದ ಆಕಾರ ನೋಡಿದಾಗ 'ಇದರ ಅರ್ಥವೇನು' ಎಂದು ಕೇಳುವ ಮೊದಲು 'ಇದು ನನ್ನ ಕಣ್ಣನ್ನು ಎಲ್ಲಿಂದ ಎಲ್ಲಿಗೆ ಕರೆದುಕೊಂಡು ಹೋಗುತ್ತಿದೆ' ಎಂದು ಕೇಳಿ.

ಸಂದೇಹಿ

ಸಂತೋಷ್ ಬಗ್ಗೆ ಒಪ್ಪುತ್ತೇನೆ. ಚಿತ್ರಕಾರ ಎಸ್.ಎಚ್. ರಜಾ ಬಗ್ಗೆ ಏನು ಹೇಳುತ್ತೀರಿ? ಕೊನೆಕೊನೆಗೆ ಬಿಂದು ಅವರ ಮುದ್ರೆಯೇ ಆಗಿಹೋಯಿತು. ಪುನರಾವರ್ತನೆ ಎಂಬ ಟೀಕೆ ಅವರ ಜೀವಿತಕಾಲದಲ್ಲೇ ಇತ್ತು.

ರೇಖಾಗಣಿತ

ಟೀಕೆಯಲ್ಲಿ ಹುರುಳಿದೆ. ಎಲ್ಲ ಬಿಂದುಗಳೂ ಒಂದೇ ತೂಕದವಲ್ಲ. ಆದರೆ ಎಸ್.ಎಚ್. ರಜಾ (1922–2016) 1950ರಲ್ಲೇ ಫ್ರಾನ್ಸಿಗೆ ಹೋದವರು, ದಶಕಗಳ ಕಾಲ ನಿಸರ್ಗಚಿತ್ರ ಬರೆದು ಹೆಸರು ಮಾಡಿದ ಮೇಲೆ ಬಿಂದುವಿಗೆ ಬಂದವರು. ಚಿಕ್ಕಂದಿನಲ್ಲಿ ಚಂಚಲ ಹುಡುಗನಾಗಿದ್ದಾಗ ಶಾಲೆಯ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತಾ ಕೂತಿರು ಅಂದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಅವರ ಬಿಂದುವಿನ ಬೇರು ಶಾಸ್ತ್ರಗ್ರಂಥದಲ್ಲಿ ಎಷ್ಟಿದೆಯೋ ಮನಸ್ಸನ್ನು ಒಂದೆಡೆ ನಿಲ್ಲಿಸುವ ಆ ಪಾಠದಲ್ಲೂ ಅಷ್ಟೇ ಇದೆ.

1981ರ 'ಮಾ' ನೋಡಿ. ಕಪ್ಪು ಬಿಂದು ಇದೆ, ಅದೇ ಕ್ಯಾನ್ವಾಸಿನ ಮೇಲೆ ಅಶೋಕ ವಾಜಪೇಯಿ ಅವರ ಹಿಂದಿ ಕವಿತೆಯ ಸಾಲು ದೇವನಾಗರಿಯಲ್ಲಿ ಬರೆದಿದೆ. ತಾಯಿಯ ಬಳಿಗೆ ಮರಳುವಾಗ ಏನು ತರಲಿ ಎಂದು ಮಗ ಕೇಳುವ ಸಾಲು. ಮೂರು ದಶಕ ಪರದೇಶದಲ್ಲಿದ್ದವನು ಆ ಸಾಲಿನ ಜತೆಗೆ ಇಟ್ಟ ಕಪ್ಪು ವೃತ್ತವನ್ನು 'ಬ್ರಹ್ಮಾಂಡದ ಮೂಲ' ಅಂತ ಮಾತ್ರ ಓದಿದರೆ ಅನ್ಯಾಯ. ಅಲ್ಲಿ ಅಗಲಿಕೆ ಇದೆ. ಕ್ಯಾಟಲಾಗ್‌ನ ತತ್ತ್ವದ ಭಾಷೆ ಕೆಲವು ಸಲ ಎದುರಿಗಿರುವ ನೋವನ್ನೇ ಮುಚ್ಚಿಬಿಡುತ್ತದೆ. ಗೂಢಾರ್ಥ ಹುಡುಕುವ ಭರದಲ್ಲಿ ಎದ್ದು ಕಾಣುವ ಅರ್ಥ ಬಿಟ್ಟುಹೋಗಬಾರದು.

ಚುಕ್ಕಿಸಾಲು

ಇಲ್ಲಿ ಎಲ್ಲರೂ ಅರ್ಥ ತಿಳಿಯುವುದು ಹೇಗೆ ಅಂತ ಮಾತಾಡುತ್ತಿದ್ದಾರೆ. ತಿಳಿಯಬಾರದ ಅರ್ಥವೂ ಇರುತ್ತದೆ, ಅದನ್ನು ಯಾರೂ ಎತ್ತಲಿಲ್ಲ.

ಆಸ್ಟ್ರೇಲಿಯಾದ ಮರುಭೂಮಿಯಲ್ಲಿರುವ ಪಾಪುನ್ಯಾ ಎಂಬಲ್ಲಿ 1971ರಲ್ಲಿ, ಜೆಫ್ರಿ ಬಾರ್ಡನ್ ಎಂಬ ಶಾಲಾ ಶಿಕ್ಷಕರ ಪ್ರೋತ್ಸಾಹದಿಂದ, ಅಲ್ಲಿನ ಮೂಲನಿವಾಸಿ ಹಿರಿಯರು ಮೊದಲು ಶಾಲೆಯ ಗೋಡೆಯ ಮೇಲೆ, ಆಮೇಲೆ ಸಿಕ್ಕಸಿಕ್ಕ ಹಲಗೆಗಳ ಮೇಲೆ ಚಿತ್ರ ಬರೆಯತೊಡಗಿದರು. ಅಲ್ಲಿಯವರೆಗೆ ಆ ವಿನ್ಯಾಸಗಳು ನೆಲದ ಮೇಲೆ, ಮೈಮೇಲೆ, ಆಚರಣೆಯ ಹೊತ್ತಿಗೆ ಮಾತ್ರ ಇರುತ್ತಿದ್ದವು. ಒಂದರೊಳಗೊಂದು ವೃತ್ತ ಅಂದರೆ ನೀರಿನ ತಾಣ ಅಥವಾ ಬಿಡಾರ, ಕುದುರೆಲಾಳದಂಥ ಗುರುತು ಅಂದರೆ ಕೂತ ಮನುಷ್ಯ. ಇಷ್ಟನ್ನು ಹೊರಗಿನವರಿಗೂ ಹೇಳುತ್ತಾರೆ. ಆದರೆ ಮೊದಮೊದಲ ಹಲಗೆಗಳಲ್ಲಿ ದೀಕ್ಷೆ ಪಡೆದವರು ಮಾತ್ರ ನೋಡಬೇಕಾದ ವಸ್ತುಗಳೂ ಬಂದಿದ್ದವು. ಅದಕ್ಕೆ ಸಮುದಾಯದೊಳಗೇ ಆಕ್ಷೇಪ ಬಂತು. ಚಿತ್ರಕಾರರು ಅಂಥ ವಿವರಗಳನ್ನು ಬಿಡತೊಡಗಿದರು, ಉಳಿದದ್ದರ ಮೇಲೆ ಚುಕ್ಕೆಗಳ ದಟ್ಟ ಪರದೆ ಎಳೆದರು. ಇವತ್ತು ಜಗತ್ತು ಮೆಚ್ಚುವ ಆ ಚುಕ್ಕೆಗಳು, ಸ್ವಲ್ಪ ಮಟ್ಟಿಗಾದರೂ, ಮುಚ್ಚಲೆಂದೇ ಬಂದವು.

ಇಂಥ ಚಿತ್ರದ ಮುಂದೆ 'ಇದರ ರಹಸ್ಯ ಬಿಡಿಸುತ್ತೇನೆ' ಎಂದು ಹೊರಡುವುದು ಅವಮರ್ಯಾದೆ. ಅಲ್ಲಿ ಗೂಢಾರ್ಥ ಇರುವುದು ನಿಜ, ಅದು ನಮ್ಮದಲ್ಲ ಎಂಬುದೂ ಅಷ್ಟೇ ನಿಜ. ಚುಕ್ಕೆಗಳ ಕಂಪನ ನಮ್ಮ ಪಾಲಿಗೆ ಬಂದಿದೆ, ಅದನ್ನು ಪೂರ್ತಿ ನೋಡೋಣ.

ಬೆಡಗು

ಚುಕ್ಕಿಸಾಲು ಅವರೇ, ಈ ಮಾತು ಇಲ್ಲಿ ಬರಲೇಬೇಕಿತ್ತು. ಕೃತಜ್ಞತೆಗಳು.

ಹೊಸಓದುಗ

ನಾನು ಈ ವಿಷಯಕ್ಕೆ ಹೊಸಬ. ಗೆಳೆಯರೊಬ್ಬರು ರೆಮಿದಿಯೋಸ್ ವಾರೋ ಅವರ ಗೂಬೆ ಚಿತ್ರ ತೋರಿಸಿ, ಇದು ಪೂರ್ತಿ ರಸವಿದ್ಯೆ, ಗೊತ್ತಿಲ್ಲದವರಿಗೆ ಏನೂ ತಿಳಿಯುವುದಿಲ್ಲ ಅಂದರು. ನನಗೆ ರಸವಿದ್ಯೆ ಏನೂ ಗೊತ್ತಿಲ್ಲ, ಆದರೂ ಚಿತ್ರ ಬಹಳ ಇಷ್ಟವಾಯಿತು. ನಾನು ನೋಡಿದ್ದು ಅರ್ಧಂಬರ್ಧವೇ?

ಇದ್ದಿಲುಗೆರೆ

ಖಂಡಿತ ಅಲ್ಲ. ನೀವು ಹೇಳುತ್ತಿರುವುದು 1957ರ 'ಹಕ್ಕಿಗಳ ಸೃಷ್ಟಿ' ಇರಬೇಕು. ಸ್ಪೇನಿನಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಯುರೋಪ್ ಬಿಟ್ಟು ಮೆಕ್ಸಿಕೋದಲ್ಲಿ ನೆಲೆಸಿದ ವಾರೋ (1908–1963) ಬರೆದದ್ದು. ಚಿತ್ರವನ್ನು ಎದುರಿಗೆ ಇಟ್ಟುಕೊಂಡು ಒಂದೊಂದಾಗಿ ನೋಡಿ.

ಮೇಜಿನ ಮುಂದೆ ಗೂಬೆಯ ಮೈ, ಗೂಬೆಯ ಮುಖದ ಚಿತ್ರಕಾರ ಜೀವಿ ಕೂತಿದೆ. ಕೊರಳಿಗೆ ಪಿಟೀಲಿನಂಥ ವಾದ್ಯ ತೂಗುಬಿದ್ದಿದೆ, ಕೈಯಲ್ಲಿರುವ ಕುಂಚ ಅದಕ್ಕೇ ಸೇರಿಕೊಂಡಿದೆ. ಅಂದರೆ ಗೆರೆ ಹೊರಡುವುದು ಎದೆಯ ಹತ್ತಿರವಿರುವ ತಂತಿಯಿಂದ. ಇನ್ನೊಂದು ಕೈಯಲ್ಲಿ ತ್ರಿಕೋನಾಕಾರದ ಗಾಜು. ಕಿಟಕಿಯಿಂದ ಬಂದ ಆಕಾಶದ ಬೆಳಕು ಆ ಗಾಜಿನಲ್ಲಿ ಹಾದು, ಒಡೆದು, ಕಾಗದದ ಮೇಲಿನ ಹಕ್ಕಿಯ ಮೇಲೆ ಬೀಳುತ್ತಿದೆ. ಪಕ್ಕದಲ್ಲಿ ಮೊಟ್ಟೆಯ ಆಕಾರದ ಪಾತ್ರೆಗಳ ಯಂತ್ರ, ಕಿಟಕಿಯ ಹೊರಗಿನಿಂದ ಏನನ್ನೋ ಹೀರಿಕೊಂಡು ಕೆಂಪು, ಹಳದಿ, ನೀಲಿ ಬಣ್ಣವನ್ನು ಪ್ಯಾಲೆಟ್‌ಗೆ ಇಳಿಸುತ್ತಿದೆ. ಬರೆದು ಮುಗಿದ ಹಕ್ಕಿಗಳು ಕಾಗದ ಬಿಟ್ಟು ಎದ್ದು ಹಾರಿಹೋಗುತ್ತಿವೆ.

ಆ ಯಂತ್ರ ರಸವಿದ್ಯೆಯ ಭಟ್ಟಿ ಪಾತ್ರೆ ಎಂದು ತಿಳಿದರೆ ಒಂದು ಪದರ ಹೆಚ್ಚು ಸಿಗುತ್ತದೆ, ಅಷ್ಟೆ. ಜಡವಸ್ತುವನ್ನು ಶುದ್ಧಿಗೊಳಿಸಿ ಜೀವ ತರುವುದು ಆ ವಿದ್ಯೆಯ ಕನಸು, ಇಲ್ಲಿ ಅದನ್ನು ಚಿತ್ರಕಲೆಗೆ ವರ್ಗಾಯಿಸಿದ್ದಾರೆ. ಆದರೆ ಬೆಳಕು, ನಾದ, ಬಣ್ಣ ಮೂರೂ ಒಂದೇ ಕೈಯಲ್ಲಿ ಸೇರಿದಾಗ ಹಕ್ಕಿ ಹಾರುತ್ತದೆ ಎಂಬುದು ಯಾವ ಗ್ರಂಥವನ್ನೂ ಓದದೆ ಕಣ್ಣಿಗೇ ಕಾಣುತ್ತಿದೆಯಲ್ಲ? ವಾರೋ ಆ ಸಾಧನಗಳನ್ನು ಎಂಜಿನಿಯರಿಂಗ್ ನಕ್ಷೆಯಷ್ಟು ನಿಖರವಾಗಿ ಬರೆದಿದ್ದಾರೆ. ಅವರ ತಂದೆ ನೀರಾವರಿ ಎಂಜಿನಿಯರ್, ಮಗಳಿಗೆ ಚಿಕ್ಕಂದಿನಲ್ಲೇ ನಕ್ಷೆ ಬರೆಯಲು ಕಲಿಸಿದ್ದರು. ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ ನೋಡಿ. ಮಸುಕುಮಸುಕಾಗಿ ಬರೆದರೆ ರಹಸ್ಯ ಹುಟ್ಟುತ್ತದೆ ಎಂದುಕೊಂಡ ಚಿತ್ರಕಾರರು ಇದನ್ನು ಗಮನಿಸಬೇಕು.

ಸಂದೇಹಿ

ವಾರೋ ವಿಷಯದಲ್ಲಿ ನನ್ನದೂ ಇದೇ ಮೆಚ್ಚುಗೆ. ಒಂದು ಕಷ್ಟದ ಪ್ರಕರಣ ಮುಂದಿಡುತ್ತೇನೆ, ಇದರಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಅಮೆರಿಕದ ಬಾರ್ನೆಟ್ ನ್ಯೂಮನ್, 1957ರಲ್ಲಿ ಹೃದಯಾಘಾತವಾಗಿ ಚೇತರಿಸಿಕೊಂಡ ಮೇಲೆ, 1958ರಿಂದ ಕಪ್ಪು-ಬಿಳುಪಿನ ಅಮೂರ್ತ ಚಿತ್ರಗಳ ಸಾಲೊಂದನ್ನು ಶುರುಮಾಡಿದರು. ಬರಿಯ ಕ್ಯಾನ್ವಾಸಿನ ಮೇಲೆ ಉದ್ದುದ್ದ ಪಟ್ಟಿಗಳು. ಒಟ್ಟು ಹದಿನಾಲ್ಕು ಆಗಿ 1966ರಲ್ಲಿ ಪ್ರದರ್ಶನಗೊಂಡವು. ಹೆಸರು 'ಶಿಲುಬೆಯ ಹಾದಿಯ ತಾಣಗಳು'. ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಘಟನೆಗಳನ್ನು ಕ್ರೈಸ್ತರು ಹೀಗೆ ಕರೆಯುತ್ತಾರೆ, ಸಂಖ್ಯೆಯೂ ಸಂಪ್ರದಾಯದಂತೆ ಹದಿನಾಲ್ಕು. ಆದರೆ ನಾಲ್ಕನೇ ಚಿತ್ರ ಬರೆಯುವಾಗಷ್ಟೇ ತಾನು ಏನು ಬರೆಯುತ್ತಿದ್ದೇನೆಂದು ಹೊಳೆಯಿತು ಎಂದು ಅವರೇ ಹೇಳಿದ್ದಾರೆ. ಮೊದಲ ಮೂರು ಚಿತ್ರಗಳ ಮೇಲೆ ಹೆಸರನ್ನು ಆಮೇಲೆ ಹೊರಿಸಿದಂತಾಯಿತಲ್ಲ? ಇದು ಒಳಗಿನಿಂದ ಬಂದ ಸಂಕೇತವೋ, ಅಂಟಿಸಿದ ಚೀಟಿಯೋ?

ಬೆಡಗು

ಕೃತಿಕಾರನಿಗೆ ತಡವಾಗಿ ತಿಳಿಯಿತು ಎಂದಮಾತ್ರಕ್ಕೆ ಅದು ಹೊರಗಿನದಾಗುವುದಿಲ್ಲ. ಸಾವಿನ ಬಾಗಿಲಿನವರೆಗೆ ಹೋಗಿಬಂದ ಮನುಷ್ಯ ಬಣ್ಣ ಬಿಟ್ಟು ಕಪ್ಪಿಗೆ ಬಂದದ್ದು ಮೊದಲು, ಹೆಸರು ಆಮೇಲೆ. ಜತೆಗೆ ಆ ಹೆಸರಿನಡಿ ಇನ್ನೊಂದು ಉಪಶೀರ್ಷಿಕೆ ಇಟ್ಟರಲ್ಲ, ಯಾಕೆ ನನ್ನ ಕೈಬಿಟ್ಟೆ ಎಂದು ಯೇಸು ಶಿಲುಬೆಯ ಮೇಲೆ ಕೂಗಿದ ಮಾತು. ಯಹೂದಿ ಮನೆತನದ ನ್ಯೂಮನ್‌ಗೆ ಹದಿನಾಲ್ಕು ಘಟನೆಗಳ ಕಥೆ ಹೇಳುವುದು ಬೇಕಿರಲಿಲ್ಲ, ಆ ಒಂದೇ ಕೂಗು ಬೇಕಿತ್ತು.

ಮಣ್ಣುಬಣ್ಣ

ಸಾಮಗ್ರಿಯ ಕಡೆಯಿಂದ ನನ್ನದೊಂದು ಮಾತು. ಹದಿನಾಲ್ಕೂ ಒಂದೇ ಅಳತೆ, ಸುಮಾರು ಎರಡು ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲ. ನಿಂತ ಮನುಷ್ಯನಿಗೆ ಹತ್ತಿರದ ಪ್ರಮಾಣ. ಬಣ್ಣ ಹಚ್ಚದೆ ಬಿಟ್ಟ ಕ್ಯಾನ್ವಾಸನ್ನೇ ಒಂದು ಬಣ್ಣವಾಗಿ ದುಡಿಸಿದ್ದಾರೆ. ಕೆಲವು ಪಟ್ಟಿಗಳ ಅಂಚು ಚೂರಿಯಿಂದ ಕೊಯ್ದಷ್ಟು ನೇರ, ಕೆಲವಕ್ಕೆ ಒಣಕುಂಚದ ತರಚು ಉಳಿದಿದೆ. ಒಂದೇ ಒಂದನ್ನು ಬಿಡಿಯಾಗಿ ನೋಡಿದರೆ ಹೆಸರು ಕಳಚಿಬೀಳಬಹುದು ಸಂದೇಹಿಯವರೇ, ನಿಮ್ಮ ಅನುಮಾನ ಅಲ್ಲಿ ನ್ಯಾಯವೇ. ಆದರೆ ಸಾಲಾಗಿ ನೋಡುತ್ತಾ ನಡೆದರೆ, ಕಪ್ಪು ಒಮ್ಮೆ ದಟ್ಟವಾಗಿ, ಒಮ್ಮೆ ಅಂಚಿಗೆ ಸರಿದು, ಹದಿನಾಲ್ಕನೆಯದಕ್ಕೆ ಬರುವಾಗ ಬಹುಪಾಲು ಬಿಳಿಯೇ ಉಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಲೇಬೇಕಾದ ಹಾಗೆ ಕಟ್ಟಿದ್ದಾರೆ. ಹಾದಿ ಎಂಬ ಮಾತು ಅಲ್ಲಿ ಕಾಲಿಗೇ ತಾಗುತ್ತದೆ.

ಸಂದೇಹಿ

ಸಾಲಾಗಿ ನೋಡಬೇಕು ಎಂಬುದು ಗಟ್ಟಿ ಉತ್ತರ, ಅದನ್ನು ಒಪ್ಪಿದೆ. ಮೊದಲ ಮೂರು ಚಿತ್ರಗಳನ್ನು ಮಾತ್ರ ನಾನು ಈಗಲೂ ಹೆಸರಿಲ್ಲದೆಯೇ ನೋಡುತ್ತೇನೆ. ಅವನ್ನು ಬರೆಯುವಾಗ ನ್ಯೂಮನ್‌ಗೂ ಹೆಸರು ಗೊತ್ತಿರಲಿಲ್ಲವಲ್ಲ, ಅವರು ನಿಂತ ಜಾಗದಲ್ಲೇ ನಿಂತು ನೋಡಬೇಕು ಅನಿಸುತ್ತದೆ.

ಕುಂಚಪ್ರಿಯ

ಎಲ್ಲರಿಗೂ ಧನ್ಯವಾದ. ಮಣ್ಣುಬಣ್ಣ ಸರ್, ನಿಮ್ಮ ತೆಗೆದುನೋಡುವ ಪರೀಕ್ಷೆಯನ್ನು ರಷ್ಯಾದ ಚಿತ್ರಕಾರ ಮಾಲೆವಿಚ್ ಅವರ 'ಕಪ್ಪು ಚೌಕ'ಕ್ಕೆ ಹಾಕಿದರೆ ಏನಾಗುತ್ತದೆ? ಅಲ್ಲಿ ತೆಗೆಯಲು ಒಂದೇ ಒಂದು ಸಂಕೇತ ಇದೆ. 1915ರ ಪ್ರದರ್ಶನದಲ್ಲಿ ಅದನ್ನು ರಷ್ಯಾದ ಮನೆಗಳಲ್ಲಿ ದೇವರ ಪಟ ಇಡುವ ಹಾಗೆ ಕೋಣೆಯ ಮೇಲುಮೂಲೆಯಲ್ಲಿ ತೂಗುಹಾಕಿದ್ದರು ಎಂದು ಓದಿದ್ದೇನೆ.

ಮಣ್ಣುಬಣ್ಣ

ಹೌದು, ಪೆಟ್ರೋಗ್ರಾಡ್‌ನಲ್ಲಿ. ಅಲ್ಲಿ ಮೂಲೆಯೇ ಅರ್ಧ ಚಿತ್ರ. ಅದನ್ನು ಗೋಡೆಯ ನಡುವಿಗೆ ತಂದರೆ ಉಳಿಯುವುದು ಬಣ್ಣ ಬಳಿದ ಮೇಲ್ಮೈ ಒಂದೇ, ಹಾಗಾಗಿ ತೆಗೆದು ನೋಡಬೇಕಾದದ್ದು ಚೌಕವನ್ನಲ್ಲ, ಜಾಗವನ್ನು. ಮತ್ತೆ ಆ ಮೇಲ್ಮೈಯನ್ನೂ ಹತ್ತಿರದಿಂದ ನೋಡಿ: ಬದಿಗಳು ಪೂರ್ತಿ ಸಮ ಇಲ್ಲ, ಕಪ್ಪು ಬಿರುಕು ಬಿಟ್ಟಿದೆ, ಬಿರುಕಿನ ಸಂದಿಯಲ್ಲಿ ಕೆಳಗಿನ ಬಣ್ಣಗಳು ಇಣುಕುತ್ತವೆ. 2015ರಲ್ಲಿ ಟ್ರೆಟ್ಯಕೋವ್ ಗ್ಯಾಲರಿಯವರು ಎಕ್ಸ್‌ರೇ ತೆಗೆದಾಗ ಅಡಿಯಲ್ಲಿ ಬೇರೆ ಎರಡು ಚಿತ್ರಗಳು ಇರುವುದು ಕಂಡಿತು. ಅವುಗಳ ಬಗ್ಗೆ ಪ್ರತ್ಯೇಕ ಚರ್ಚೆಯೇ ಆಗಬೇಕು, ನಾಳೆ ಶುರುಮಾಡುತ್ತೇನೆ. ರೇಖಾಗಣಿತ ಅವರೂ ಬನ್ನಿ, ಆ ಚೌಕದ ಕೋನಗಳ ಬಗ್ಗೆ ನಿಮ್ಮಿಂದ ಕೇಳಬೇಕಿದೆ.